ಗುಲಾಬ್ ಸಾಬರ ಎಡಗೈ

ಶಿಕಾರಿಪುರದ ಪೇಟೆಯಲ್ಲಿ ಬಿಲ್ಲು ಹಿಡಿದು ಬದುಕಿದ ಕೊನೆಯ ವೀರ ಯಾರೆಂದು ಯಾರಾದರೂ ಕೇಳಿದರೆ ಪಿಂಜಾರ ಗುಲಾಬ್ ಸಾಬರ ಹೆಸರನ್ನೇ ಹೇಳಬೇಕಾಗುತ್ತದೆ. ಅವರದು ಆಳುದ್ದದ ಬಿಲ್ಲು. ಕುರಿಯ ಕರುಳನ್ನು ಹೊಸೆದು ಮಾಡಿದ ಹೆದೆ. ಬಾಣ ಮಾತ್ರ ಇರಲಿಲ್ಲ. ಬಾಣದ ಬದಲಿಗೆ ಒಂದು ಮರದ ಕೊಡತಿ. ಎಡಗೈಯಲ್ಲಿ ಬಿಲ್ಲನ್ನು ಅಡ್ಡಲಾಗಿ ಎತ್ತಿ ಹಿಡಿದು, ಹೆದೆಯನ್ನು ಹತ್ತಿಯ ಗುಡ್ಡೆಗೆ ತಾಗಿಸಿ, ಬಲಗೈಯ ಕೊಡತಿಯಿಂದ ಒಂದು ಏಟು ಕೊಟ್ಟರೆಂದರೆ 'ಟೊಂಯ್ಯ್' ಎಂದು ಇಡೀ ಓಣಿಗೆ ಓಣಿಯೇ ಝೇಂಕರಿಸುತ್ತಿತ್ತು. ಹತ್ತು ವರ್ಷ ಮನುಷ್ಯರ ಬೆನ್ನಿನ ಭಾರಕ್ಕೆ ಸಿಕ್ಕಿ ಕಲ್ಲಾಗಿ ಹೋದ ಹತ್ತಿ, ಆ ಏಟಿಗೆ ಎದೆಯೊಡೆದು, ಗಂಟು ಬಿಚ್ಚಿ, ಎಳೆಎಳೆಯಾಗಿ ಹಾರಿ ಶರಣಾಗುತ್ತಿತ್ತು. ಸಂಜೆಯ ಹೊತ್ತಿಗೆ ಶತ್ರುಸೈನ್ಯವೆಲ್ಲ ಬೆಳ್ಳಗಾಗಿ ಅಂಗಳದಲ್ಲಿ ಬಿದ್ದಿರುತ್ತಿತ್ತು. ಅದರ ನಡುವೆ ಹುಬ್ಬು, ಗಡ್ಡ, ಕಿವಿಯ ಕೂದಲು ಎಲ್ಲ ಬೆಳ್ಳಗಾದ ಗುಲಾಬ್ ಸಾಬರು ಸೀನುತ್ತ ನಿಂತಿರುತ್ತಿದ್ದರು.

ಅವರ ದಿಗ್ವಿಜಯಕ್ಕೆ ದೀಪಾವಳಿಯೇ ಮುಹೂರ್ತ. ಹಬ್ಬ ಕಳೆದು ಚಳಿ ಶುರುವಾಯಿತೆಂದರೆ ಊರಿನ ಹಾಸಿಗೆಗಳಿಗೆ ಸಾಬರ ನೆನಪಾಗುತ್ತಿತ್ತು. ಬಿಲ್ಲನ್ನು ಹೆಗಲಿಗೆ ಏರಿಸಿ, ಬೆರಳಿನಿಂದ ಹೆದೆಯನ್ನು ಮೀಟುತ್ತ ಅವರು ಮುಂದೆ. ಗಾದಿ ಹೊಲಿಯುವ ಗೇಣುದ್ದದ ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಹೆಂಡತಿ ಚಾಂದ್ ಬೀ ಹಿಂದೆ. ಗಂಡ ಯುದ್ಧ ಮಾಡುವುದು, ಹೆಂಡತಿ ಗಾಯ ಹೊಲಿಯುವುದು. ಮೂವತ್ತು ವರ್ಷ ಹೀಗೇ ನಡೆದಿತ್ತು.

ಬಂದಳಿಕೆಯ ಕಡೆ ಕೆಲಸಕ್ಕೆ ಹೋದಾಗ ಇಬ್ಬರೂ ಹಾಳುಗುಡಿಯ ನೆರಳಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರು. ಅಲ್ಲಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದು ನಿಂತವರೂ ಇದ್ದರು. "ಇವ್ರು ಒಂದಿನ ಹೊಡೆದು ಸತ್ತರು, ಕಲ್ಲು ನೆಟ್ಟರು. ನಾ ದಿನಾ ಹೊಡೀತೀನಿ, ಕೇಳೋರಿಲ್ಲ," ಎಂದು ಸಾಬರು ಬೀಗುವುದಿತ್ತು. "ನೀವು ಮೊದ್ಲು ಸಾಯ್ರೀ, ಆಮ್ಯಾಕೆ ಕಲ್ಲಿನ ಮಾತು," ಎಂದು ಚಾಂದ್ ಬೀ ಚಟ್ನಿ ಬಡಿಸುವುದೂ ಇತ್ತು.

ನೋಡುವವರ ಕಣ್ಣು ಯಾವಾಗಲೂ ಸಾಬರ ಬಲಗೈಯ ಮೇಲೆ. ಏಟು ಕೊಡುವುದು ಅದು, ಸದ್ದು ಮಾಡುವುದು ಅದು. ಎಡಗೈಯದು ಏನು, ಸುಮ್ಮನೆ ಹಿಡಿದುಕೊಂಡಿರುವುದು! ಸುಮ್ಮನೆ ಎಂದರೆ, ನಾಲ್ಕೈದು ಸೇರು ತೂಕದ ಬಿಲ್ಲನ್ನು ಬೆಳಗಿನಿಂದ ಸಂಜೆಯವರೆಗೆ ನೆಲಕ್ಕೆ ತಾಗಿಸದೆ ಎತ್ತಿ ಹಿಡಿದು, ಬಲಗೈ ಕೊಟ್ಟ ಒಂದೊಂದು ಏಟಿನ ನಡುಕವನ್ನೂ ಮಣಿಕಟ್ಟಿನಲ್ಲಿ ನುಂಗಿಕೊಂಡು, ಜಪ್ಪಯ್ಯ ಅನ್ನದೆ ಇರುವುದು. ಮೂವತ್ತು ವರ್ಷ ನುಂಗಿದ್ದನ್ನೆಲ್ಲ ಅದು ಸಾವಿರದ ಒಂಬೈನೂರ ಐವತ್ತೇಳರ ದೀಪಾವಳಿಯ ಮರುವಾರ ಕಕ್ಕತೊಡಗಿತು.

ಮೊದಲು ಬಂದದ್ದು ಜೋಮು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು, ಇಷ್ಟಕ್ಕೇ ಇರುವೆ ಹರಿದಂತೆ. ಸಾಬರು ಕೈ ಕೊಡವಿದರು, ಹೋಯಿತು. ಮರುದಿನ ಬಂತು, ಕೊಡವಿದರು, ಅರ್ಧ ಹೋಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಹೋಟೆಲಿನಲ್ಲಿ ಚಹಾದ ಬಸಿ ಅವರ ಎಡಗೈಯಿಂದ ತಾನಾಗಿ ಜಾರಿ ಚೂರಾಯಿತು. ಸುದ್ದಿ ಅವರಿಗಿಂತ ಮೊದಲೇ ಮನೆ ಸೇರಿತ್ತು.

"ಏನ್ರೀ, ಹೋಟ್ಲಾಗೆ ಬಸಿ ಒಡೆದ್ರಂತೆ?"

"ನಾ ಒಡೀಲಿಲ್ಲ. ಅದಾಗೇ ಬಿತ್ತು."

"ಅದಾಗೇ ಇಳಿದು ಹೋಗಾಕೆ ಬಸಿಗೇನು ಕಾಲು ಬಂದಾವೇನು?"

ಆ ಸಂಜೆ ಬಿಲ್ಲೂ ಒಮ್ಮೆ ಜಾರಿತ್ತು; ಅದನ್ನು ಅವರು ಹೆಂಡತಿಗೆ ಹೇಳಿರಲಿಲ್ಲ. ಬಸಿ ಒಡೆದರೆ ಹೋಟೆಲಿನವನು ಬೈಯುತ್ತಾನೆ, ಅಷ್ಟೇ. ಬಿಲ್ಲು ಜಾರಿದರೆ? ಬಿಲ್ಲು ಹಿಡಿಯದ ಪಿಂಜಾರ ಎಂದರೇನು? ಆ ಕೈ ಬಿಲ್ಲು ಹಿಡಿಯಬೇಕು. ಜಗತ್ತಿನಲ್ಲಿ ಅವರಿಗೆ ಬೇಕಾದದ್ದು ಅದೊಂದೇ.

ಪಕ್ಕದ ಮನೆಯ ಹಾಲಮ್ಮ ಎಕ್ಕದ ಎಲೆ ಬಿಸಿ ಮಾಡಿ ಶಾಖ ಕೊಡಲು ಹೇಳಿದಳು. ಚರ್ಮ ಸುಟ್ಟಿತು, ಜೋಮು ಅಲ್ಲೇ ಇತ್ತು. ಆಮೇಲೆ ದೊಡ್ಡಬೀರಪ್ಪನ ಬಳಿಗೆ ಹೋದರು. ದೊಡ್ಡಬೀರಪ್ಪ ಕುರಿ ಕಾಯುವವನು. ಕುರಿಗಳ ಮುರಿದ ಕಾಲು ಕಟ್ಟಿ ಕಟ್ಟಿ ಕೈ ಪಳಗಿ, ಮನುಷ್ಯರ ಮೂಳೆಗೆ ಬಡ್ತಿ ಪಡೆದವನು. ಅವನು ಸಾಬರ ಮಣಿಕಟ್ಟನ್ನು ಹಿಸುಕಿದ. ಸಾಬರು ಕಿರುಚಿದ್ದಕ್ಕೆ ಮಂದೆಯ ಕುರಿಗಳೆಲ್ಲ ತಲೆಯೆತ್ತಿದವು.

"ಮೂಳೆ ಸರಿದೈತಿ ಸಾಬಣ್ಣ," ಎಂದು ತೀರ್ಪು ಕೊಟ್ಟ ಬೀರಪ್ಪ.

ಮೂಳೆ ಸರಿದಿರಲಿಲ್ಲ. ಆದರೆ ಆ ತಪ್ಪು ತೀರ್ಪಿನ ಮೇಲೆ ಅವನು ಮಾಡಿದ ಕೆಲಸ ಇಡೀ ಎರಡು ತಾಲ್ಲೂಕಿನಲ್ಲಿ ಆ ಕೈಗೆ ಸಿಕ್ಕ ಒಂದೇ ಒಂದು ಸರಿಯಾದ ಚಿಕಿತ್ಸೆಯಾಗಿತ್ತು. ಕೋಳಿಮೊಟ್ಟೆಯ ಬಿಳಿ, ಉದ್ದಿನಹಿಟ್ಟು ಕಲಸಿ ಬಳಿದು, ಬಿದಿರಿನ ದಬ್ಬೆ ಇಟ್ಟು, ಮಣಿಕಟ್ಟು ಅಲ್ಲಾಡದಂತೆ ಬಿಗಿದು ಕಟ್ಟಿದ. "ಎಂಟು ದಿನ ಬಿಲ್ಲು ಮುಟ್ಟಬ್ಯಾಡ." ನಾಲ್ಕನೆಯ ದಿನಕ್ಕೆ ಇರುವೆಗಳು ಹಿಂದೆ ಸರಿದವು. ಆರನೆಯ ದಿನಕ್ಕೆ ಬೆರಳ ತುದಿಗೆ ಜೀವ ಬಂತು. ಎಂಟನೆಯ ದಿನ ಸಾಬರು ದಬ್ಬೆಯೊಳಗಿನ ಕೈಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬೀರಪ್ಪನ ಬಳಿ ಬಂದರು.

"ಬೀರಣ್ಣ, ಬಾಳ ಆರಾಮಾಗೈತಿ. ಇನ್ನೊಂದು ತಿಂಗ್ಳು ಇಂಗೇ ಇರ್ಲಿ."

"ಯಾಕೆ? ಮೂಳೆ ಕೂಡೈತಿ."

"ಕೂಡಿದ್ರೂ ಇರ್ಲಿ ಮಾರಾಯ."

"ಕೂಡಿದ ಮೂಳೆಗೆ ಮತ್ತೆ ಕಟ್ಟಿದ್ರೆ ಜನ ಏನಂತಾರೆ? ಬೀರಪ್ಪ ಎರಡು ಸಲ ಕಟ್ಟಿದ, ಅವನ ಕೈಗುಣ ಹೋತು ಅಂತಾರೆ. ನಿನ್ನ ಕೈ ಉಳಿಸಾಕೆ ನನ್ನ ಕೈಗುಣ ಕಳ್ಕಳ್ಳಾ?" ಎಂದು ಬೀರಪ್ಪ ದಬ್ಬೆ ಬಿಚ್ಚಿ ಒಲೆಗೆ ಹಾಕಿದ.

ಚಳಿಗಾಲದ ನಡುಹೊತ್ತು. ಊರ ತುಂಬ ಬಿಚ್ಚಿದ ಹಾಸಿಗೆಗಳು ಕಾದಿದ್ದವು. ಸಾಬರು ಬಿಲ್ಲೆತ್ತಿದರು. ಹತ್ತೇ ದಿನದಲ್ಲಿ ಇರುವೆಗಳು ತಮ್ಮ ಬಂಧುಬಳಗವನ್ನೂ ಕರೆದುಕೊಂಡು ಹಿಂತಿರುಗಿದವು.

ಇನ್ನು ಉಳಿದದ್ದು ದೊಡ್ಡ ಬಾಗಿಲು. ಪೇಟೆಯ ಸಾಹುಕಾರ ಶಾಂತವೀರಪ್ಪನವರು ತಮ್ಮ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಗುರುಮಲ್ಲಪ್ಪ ಧರ್ಮಾಸ್ಪತ್ರೆ. ವಾರಕ್ಕೆ ಮೂರು ದಿನ ಹೊರಊರಿನಿಂದ ಡಾಕ್ಟರು ಬರುತ್ತಿದ್ದರು. ಬಸ್ಸು ಬಿಡುವುದರೊಳಗೆ ನೂರು ಜನರನ್ನು ನೋಡಿ ಮುಗಿಸುವ ಶೂರರು ಅವರು. ಒಬ್ಬ ರೋಗಿಗೆ ಸಿಗುತ್ತಿದ್ದ ಸಮಯದಲ್ಲಿ ಒಂದು ಕೆಮ್ಮು ಕೆಮ್ಮಬಹುದಿತ್ತು, ಎರಡನೆಯದನ್ನು ಹೊರಗೆ ಹೋಗಿ ಕೆಮ್ಮಬೇಕಿತ್ತು.

ಗುಲಾಬ್ ಸಾಬರು ಮನೆಯಿಂದ ತೊಳೆದು ತಂದ ಖಾಲಿ ಬಾಟಲಿ ಹಿಡಿದು ಸಾಲಿನಲ್ಲಿ ನಿಂತರು. ಸರದಿ ಬಂತು. ಡಾಕ್ಟರು ತಲೆಯೆತ್ತದೆ ಕೇಳಿದರು:

"ಏನಾಗಿದೆ?"

"ಕೈ ಜೋಮು ಸ್ವಾಮಿ. ನೋವು."

"ಕೈ ಕೊಡು."

ಇಲ್ಲಿ ಒಂದು ಮಾತು ಹೇಳಬೇಕು. ಎಡಗೈಯನ್ನು ದೊಡ್ಡವರ ಮುಂದೆ ಚಾಚುವುದೆಂದರೆ ಸಾಬರು ಬೆಳೆದ ಮನೆಯಲ್ಲಿ ಬೈಗುಳಕ್ಕಿಂತ ಕಡೆ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬೆಲ್ಲದ ಚೂರು ಇಸಿದುಕೊಂಡದ್ದಕ್ಕೆ ತಾಯಿ ಆ ಕೈಗೆ ಬಾರಿಸಿದ ಏಟು ಮೂಳೆಯೊಳಗೆ ಕೂತಿತ್ತು. ಅಂದಿನಿಂದ ಕೊಡುವುದು, ಇಸಿದುಕೊಳ್ಳುವುದು, ಉಣ್ಣುವುದು, ಸಲಾಮು ಮಾಡುವುದು ಎಲ್ಲ ಬಲಗೈಯ ಪಾಲು. ಹೀಗಾಗಿ ಬಿಳಿ ಕೋಟಿನ, ಕನ್ನಡಕದ ಅಂಥ ದೊಡ್ಡ ಮನುಷ್ಯರು 'ಕೈ ಕೊಡು' ಎಂದಾಗ, ಸಾಬರ ಬುದ್ಧಿ ಎಚ್ಚರಗೊಳ್ಳುವುದರೊಳಗೆ ಅವರ ಬಲಗೈ ಮರ್ಯಾದೆಯಿಂದ ಮೇಜಿನ ಮೇಲೆ ಹೋಗಿ ಕೂತಿತ್ತು. ಎಡಗೈ ಆಗಲೇ ಅವರಿಗೆ ಕೈಕೊಟ್ಟಿತ್ತು; ಈಗ ಬಲಗೈಯೂ ಮರ್ಯಾದೆಯ ಹೆಸರಿನಲ್ಲಿ ಅದೇ ಕೆಲಸ ಮಾಡಿತು.

ಡಾಕ್ಟರು ನಾಡಿ ಹಿಡಿದರು. ಅಂಗೈಯ ಜಡ್ಡನ್ನು ಒತ್ತಿದರು. ಬಗ್ಗಿಸಿದರು. ಕೈ ತೆಂಗಿನ ಮೋಟಿನಂತೆ ಗಟ್ಟಿಯಾಗಿತ್ತು. "ವಾತ," ಎಂದು ಚೀಟಿಯಲ್ಲಿ ಗೀಚಿ, "ಮುಂದಿನೋರು" ಎಂದರು.

ಚೀಟಿ ಕಂಪೌಂಡರ್ ಉಚ್ಚಂಗಪ್ಪನ ಕೈ ಸೇರಿತು. ಧರ್ಮಾಸ್ಪತ್ರೆಯ ನಿಜವಾದ ದೊರೆ ಅವನೇ. ಡಾಕ್ಟರು ಬಂದು ಹೋಗುವವರು, ಉಚ್ಚಂಗಪ್ಪ ಇರುವವನು. ಅವನು ಸೂಜಿಯನ್ನು ಬಲಗೈಯ ರಟ್ಟೆಗೆ ಗುರಿಯಿಟ್ಟ.

"ಕಂಪೌಂಡ್ರೇ, ನೋವಿರೋದು ಈ ಕೈಯಾಗೆ," ಎಂದು ಸಾಬರು ಗದ್ದದಿಂದ ಎಡಗೈಯನ್ನು ತೋರಿಸಿದರು.

"ಚೀಟ್ಯಾಗೆ ಏನೈತಿ?"

"ನನಗೆ ಓದಾಕೆ ಬರಲ್ರೀ."

"ನನಗೆ ಬರ್ತತಿ. ಬಲಗೈ ಅಂತ ಐತಿ. ಡಾಕ್ಟ್ರು ಬರೆದಿದ್ದು ಸುಳ್ಳಂತೀಯೇನು?"

"ಸುಳ್ಳಂತಲ್ರೀ. ಕೈ ನಂದಲ್ರೀ, ನನಗೆ ಗೊತ್ತಾಗ್ತತಿ…"

"ಕೈ ನಿಂದು, ಚೀಟಿ ಆಸ್ಪತ್ರೇದು. ನಾ ಔಷಧಿ ಕೊಡೋದು ಚೀಟಿಗೆ."

ಬಲಗೈಗೆ ಇಂಜೆಕ್ಷನ್ ಆಯಿತು. ಬಲಗೈಗೆ ಉಜ್ಜುವ ಎಣ್ಣೆ ಬಾಟಲಿಗೆ ಬಿತ್ತು. ಸಾಬರು ಜಾಣತನ ಮಾಡಿ ಎಣ್ಣೆಯನ್ನು ಮನೆಯಲ್ಲಿ ಗುಟ್ಟಾಗಿ ಎಡಗೈಗೆ ಉಜ್ಜಿದರು. ಆದರೆ ಇಂಜೆಕ್ಷನ್ನನ್ನು ಬಲಗೈಯಿಂದ ಎಡಗೈಗೆ ಸಾಗಿಸುವ ದಾರಿ ಅವರಿಗೆ ತಿಳಿಯಲಿಲ್ಲ.

ಮುಂದಿನ ವಾರ ಸಾಲಿನಲ್ಲಿ ನಿಂತಷ್ಟು ಹೊತ್ತೂ ಅವರು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದರು: ಎಡಗೈ ಸ್ವಾಮಿ, ಎಡಗೈ ಸ್ವಾಮಿ. ಡಾಕ್ಟರು ಹಳೆಯ ಚೀಟಿ ನೋಡಿ ಕೇಳಿದರು, "ಬಲಗೈ ಹೇಗಿದೆ?"

ಸಾಬರು ಸುಳ್ಳು ಹೇಳುವವರಲ್ಲ. "ಬಲಗೈ ಚೆನ್ನಾಗೈತಿ ಸ್ವಾಮಿ, ಆದ್ರೆ…"

"ಭೇಷ್! ಇನ್ನೊಂದು ಇಂಜೆಕ್ಷನ್. ಮುಂದಿನೋರು."

ಮೂರನೆಯ ಸಲ ಅವರು ಗಂಡೆದೆ ಮಾಡಿದರು. ಟವೆಲಿನಲ್ಲಿ ಸುತ್ತಿ ತಂದಿದ್ದ ಎಡಗೈಯನ್ನು, ಕದ್ದ ಮಾಲನ್ನು ಅಮಲ್ದಾರರ ಮುಂದೆ ಇಡುವವರಂತೆ, ಮೇಜಿನ ಮೇಲೆ ಇಟ್ಟು ಕಣ್ಣು ಮುಚ್ಚಿದರು. ಡಾಕ್ಟರು ಬೈಯಲಿಲ್ಲ. "ಓ, ಎಡಗೈಗೂ ಬಂತಾ? ಹರಡಿದೆ," ಎಂದು ಚೀಟಿಯಲ್ಲಿ 'ಬಲಗೈ' ಎಂಬುದನ್ನು ಹೊಡೆದು 'ಎರಡೂ ಕೈ' ಎಂದು ತಿದ್ದಿದರು. ಅಂದು ಎರಡು ಇಂಜೆಕ್ಷನ್ ಆಯಿತು.

"ಅಲ್ಲ ಸಾಬಣ್ಣ," ಎಂದು ಉಚ್ಚಂಗಪ್ಪ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ನಕ್ಕ, "ಕಬ್ಬಿಣ ಬಡಿಯೋ ಕಮ್ಮಾರ ಬಂದು ಕೈನೋವು ಅಂದ್ರೆ ನಂಬ್ತೀನಿ. ನೀ ಬಡಿಯೋದು ಹತ್ತಿ! ಉಫ್ ಅಂದ್ರೆ ಹಾರ್ತತಿ. ಅದಕ್ಕೆ ಎರಡೆರಡು ಕೈ ನೋವಾ?"

ಸಾಲು ನಕ್ಕಿತು. ಮಾತು ಚೆನ್ನಾಗಿದ್ದುದರಿಂದ ಸಾಬರೂ ನಕ್ಕರು. ನಗುತ್ತಲೇ ಬಾಟಲಿಯ ಬಿರಡೆ ಹಾಕಲು ಹೋದರು. ಎಡಗೈಯ ಹೆಬ್ಬೆರಳು ಬಿರಡೆಯ ಹತ್ತಿರ ಹೋಯಿತು, ಒತ್ತಲಿಲ್ಲ.

ಹೆಬ್ಬೆರಳಿನ ಬುಡದ ಮಾಂಸ ಇಳಿದಿರುವುದನ್ನು ಮೊದಲು ಕಂಡವಳು ಚಾಂದ್ ಬೀ. ದಾರದ ಉಂಡೆ ಹಿಡಿಯಲು ಕೊಟ್ಟಾಗ ಅದು ಉರುಳಿಹೋಗಿ, ಅವಳು ಗಂಡನ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಬಲಗೈಯಲ್ಲಿ ದುಂಡಗೆ ದಿಂಬಿನಂತಿದ್ದ ಜಾಗ ಎಡಗೈಯಲ್ಲಿ ಹತ್ತಿ ತೆಗೆದ ಗವಸಣಿಯಂತೆ ಕುಸಿದಿತ್ತು.

"ಇಲ್ಲಿದ್ದ ಮಾಂಸ ಎಲ್ಲಿ ಹೋತ್ರೀ?"

"ಆಸ್ಪತ್ರೆಗೆ ಕೊಟ್ಟು ಬಂದೆ," ಎಂದರು ಸಾಬರು. ಅವಳು ನಗಲಿಲ್ಲ.

ಮರುವಾರವೇ ಅವಳು ಸೊರಬದಲ್ಲಿದ್ದ ತಮ್ಮ ಹುಸೇನನಿಗೆ ಹೇಳಿ ಕಳಿಸಿದಳು. ಹುಸೇನ್ ಬಂದವನೇ ಭಾರಿ ಸುದ್ದಿ ಬಿಚ್ಚಿದ. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಕಾಡಿಗೆ ಹೋದವರಿಗೆ ಜ್ವರ ಬರುತ್ತಿದೆ, ಅದನ್ನು ಕಂಡುಹಿಡಿಯಲು ಜೀಪುಗಳಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ಬಂದಿಳಿದಿದ್ದಾರೆ. "ಸತ್ತ ಮಂಗನ್ನೂ ಬಿಡ್ದಂಗೆ ನೋಡ್ತಾರೆ ಭಾವಾ! ಬದುಕಿರೋ ಮನುಷ್ಯನ್ನ ನೋಡಲ್ವಾ?"

ಐವತ್ತೆಂಟರ ಬೇಸಿಗೆಯಲ್ಲಿ ಭಾವ, ಬಾಮೈದ ಇಬ್ಬರೂ ಶಿರಾಳಕೊಪ್ಪದ ಮೇಲೆ ಸೊರಬದ ಬಸ್ಸು ಹತ್ತಿದರು. ಬೆಳಗಿನಿಂದ ಸಾಬರ ಮುಖದಲ್ಲಿ ಹಬ್ಬದ ಕಳೆ. ಕೈ ಹಿಡಿಯುವ ಕಾಲ ಬಂತೆಂದು ಅವರು ದಾರಿಯುದ್ದಕ್ಕೂ ಬಸ್ಸಿನ ಕಂಬಿಯನ್ನು ಎಡಗೈಯಲ್ಲೇ ಹಿಡಿದು ನೋಡಿದರು. ಪ್ರತಿ ಗುಂಡಿಗೂ ಕಂಬಿ ತಪ್ಪಿತು.

ಸೊರಬದ ಊರಾಚೆ ಆ ಡಾಕ್ಟರುಗಳ ಡೇರೆಗಳು ಎದ್ದಿದ್ದವು. ಬಾಗಿಲಲ್ಲಿ ಲೋಕಪ್ಪ ಎಂಬ ಜವಾನ ಸ್ಟೂಲು ಹಾಕಿಕೊಂಡು ಕೂತಿದ್ದ.

"ಎಂತ ಮಾರಾಯ? ಜ್ವರ ಇತ್ತಾ?"

"ಇಲ್ರೀ."

"ಕಾಡಿಗೆ ಹೋಗಿದ್ಯಾ?"

"ಇಲ್ರೀ."

"ಸತ್ತ ಮಂಗ ಕಂಡಿದ್ಯಾ?"

"ಇಲ್ರೀ."

"ಹಂಗಾರೆ ಎಂತಕ್ಕೆ ಬಂದದ್ದು? ಒಂದಾದರೂ ಹೂಂ ಅನ್ನು ಮಾರಾಯ, ಇಲ್ದಿದ್ರೆ ಒಳಗೆ ಬಿಡೋದು ಹೆಂಗೆ?"

ಅನುಕೂಲಕ್ಕೊಂದು ಜ್ವರ ತಂದುಕೊಳ್ಳಲಾಗದೆ ಸಾಬರು ಪೆಚ್ಚಾಗಿ ಬೇಲಿಯ ಪಕ್ಕ ಕೂತರು. ಎದುರಿನ ಡೇರೆಯಲ್ಲಿ ತೆಳ್ಳಗಿನ ಯುವಕನೊಬ್ಬ ಮೇಜಿನ ಮೇಲೆ ಸತ್ತ ಮಂಗವನ್ನು ಮಲಗಿಸಿಕೊಂಡು ಏನೋ ಬರೆಯುತ್ತಿದ್ದ. ಮಂಗದ ಅಂಗೈ ಇವರ ಕಡೆಗೇ ತೆರೆದಿತ್ತು. ಹೆಬ್ಬೆರಳಿನ ಬುಡದಲ್ಲಿ ಒಳ್ಳೆ ದುಂಡನೆಯ ಮಾಂಸ. ಸಾಬರಿಗೆ ಹೊಟ್ಟೆಕಿಚ್ಚಾಯಿತು. ತಮ್ಮ ಅಂಗೈ ಬಿಡಿಸಿ ಅದನ್ನೂ ಇದನ್ನೂ ಹೋಲಿಸುತ್ತ ಕೂತಿದ್ದಾಗ ಆ ಯುವಕ ತಲೆಯೆತ್ತಿ ನೋಡಿದ. ಆಮೇಲೆ ಕೈ ತೊಳೆದುಕೊಂಡು ಹೊರಗೆ ಬಂದ.

"ನೀವು ಏನು ಕೆಲಸ ಮಾಡ್ತೀರಿ?"

ಎಕ್ಕದ ಎಲೆಯಿಂದ ಹಿಡಿದು ಎರಡು ಕೈಯ ಇಂಜೆಕ್ಷನ್‌ವರೆಗೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅದೂ 'ಮಾಡ್ತೀರಿ' ಎಂದು! ಗುಲಾಬ್ ಸಾಬರು ಎದ್ದು ನಿಂತರು. ಲೋಕಪ್ಪ, ಹುಸೇನ್, ಸತ್ತ ಮಂಗ ಎಲ್ಲರ ಸಮಕ್ಷಮದಲ್ಲಿ ಇಲ್ಲದ ಬಿಲ್ಲನ್ನು ಎಡಗೈಯಲ್ಲಿ ಎತ್ತಿ, ಇಲ್ಲದ ಕೊಡತಿಯಿಂದ ಇಲ್ಲದ ಹೆದೆಗೆ ಹೊಡೆದು, 'ಟೊಂಯ್ಯ್' ಎಂದು ಬಾಯಲ್ಲೇ ಸದ್ದು ಮಾಡಿ ತೋರಿಸಿದರು. ಯುವಕ ನಗಲಿಲ್ಲ.

"ಬಿಲ್ಲಿನ ಭಾರ ಎಲ್ಲ ಈ ಕೈ ಮೇಲಾ?"

"ಹೌದು ಸ್ವಾಮಿ."

"ನಡುಕವೂ?"

"ಎಲ್ಲ ಇದಕ್ಕೇ ಸ್ವಾಮಿ."

ಅವನು ಎಡಗೈಯನ್ನು ತಾನಾಗಿಯೇ ಎತ್ತಿಕೊಂಡು, ಮಣಿಕಟ್ಟಿನ ನಡುವೆ ಬೆರಳಿನಿಂದ ಎರಡು ಸಲ ತಟ್ಟಿದ. ಮೂರು ಬೆರಳಿಗೂ ಮಿಂಚು ಹರಿದಂತಾಗಿ ಸಾಬರು "ಯಾ ಅಲ್ಲಾ!" ಎಂದು ಕೂತುಬಿಟ್ಟರು. ಅವನು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಿಡಿಸಿ ಹೇಳಿದ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಿನ ದಾರಿ ಇದೆ. ಅದರೊಳಗೆ ಒಂದು ನರ ಹಾದುಹೋಗುತ್ತದೆ, ನಿಮ್ಮ ಬಿಲ್ಲಿನ ಹೆದೆಯ ಹಾಗೆ. ದಾರಿ ಬಾತುಕೊಂಡು ನರವನ್ನು ಹಿಸುಕುತ್ತಿದೆ. ಶುರುವಿನಲ್ಲೇ ದಬ್ಬೆ ಕಟ್ಟಿ ಒಂದೆರಡು ತಿಂಗಳು ಅಲ್ಲಾಡದಂತೆ ಇಟ್ಟಿದ್ದರೆ ಬಹುಶಃ ಅಲ್ಲಿಗೇ ನಿಲ್ಲುತ್ತಿತ್ತು.

"ಎಂಟು ದಿನ ಕಟ್ಟಿದ್ದ ಸ್ವಾಮಿ, ನಮ್ಮ ಬೀರಣ್ಣ. ಬಾಳ ಆರಾಮಿತ್ತು."

"ಸರಿಯಾಗೇ ಮಾಡಿದಾರೆ! ಯಾರು ಅವರು, ಶಿವಮೊಗ್ಗದ ಡಾಕ್ಟರಾ?"

"ಕುರಿ ಕಾಯ್ತಾನ್ರೀ."

ಯುವಕ ಆ ಕೈಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. "ಈಗಲೂ ಪೂರ್ತಿ ಕೈ ಮೀರಿಲ್ಲ. ಮತ್ತೆ ಕಟ್ಟಬೇಕು. ಬಿಲ್ಲು ಮುಟ್ಟಲೇಬಾರದು. ಆಗಲೂ ಬಗ್ಗದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಇಲ್ಲಿ ಕುಯ್ದು ನರವನ್ನ ಬಿಡಿಸ್ತಾರೆ."

"ತಾವೇ ಕುಯ್ದು ಬಿಡ್ರಿ ಸ್ವಾಮಿ. ಈಗಲೇ." ಸಾಬರು ಕೈ ಚಾಚಿದರು, ಎಡಗೈಯನ್ನೇ, ಎಗ್ಗಿಲ್ಲದೆ.

"ನಾನು ದನದ ಡಾಕ್ಟರ ಪರೀಕ್ಷೆ ಪಾಸು ಮಾಡಿದೋನು. ಇಲ್ಲಿ ಮಂಗ ನೋಡೋ ಕೆಲಸ. ನಿಮ್ಮನ್ನ ಮುಟ್ಟೋ ಹಕ್ಕು ನನಗಿಲ್ಲ." ಅವನ ಮುಖ ಸಣ್ಣದಾಯಿತು. "ಒಂದು ಕಾಗದ ಕೊಡ್ತೀನಿ. ನಿಮ್ಮೂರಿನ ಡಾಕ್ಟರಿಗೆ ತೋರಿಸಿ. ಎಲ್ಲಾ ವಿವರವಾಗಿ ಬರೆದಿರ್ತೀನಿ."

ಅವನು ಬರೆದದ್ದು ಒಂದೂವರೆ ಪುಟ, ಇಂಗ್ಲಿಷಿನಲ್ಲಿ, ಮಣಿಕಟ್ಟಿನ ಚಿತ್ರದ ಸಮೇತ. ಆದರೆ ಬರೆಯಲು ಅವನ ಬಳಿ ಇದ್ದದ್ದು ಡೇರೆಯ ಕಾಗದ. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಕ್ಯಾಸನೂರಿನ ಹೆಸರು, ಜ್ವರದ ಹೆಸರು ಅಚ್ಚಾಗಿತ್ತು.

ಸಾಬರು ಕಾಗದವನ್ನು ಟೋಪಿಯೊಳಗೆ ಮಡಿಸಿಟ್ಟುಕೊಂಡು ಶಿಕಾರಿಪುರಕ್ಕೆ ಮರಳಿದರು. ರಾಜಮುದ್ರೆಯ ಫರ್ಮಾನು ತಂದವರ ಠೀವಿಯಲ್ಲಿ ಧರ್ಮಾಸ್ಪತ್ರೆಯ ಮೆಟ್ಟಿಲೇರಿದರು. ಅಂದು ಡಾಕ್ಟರ ದಿನವಲ್ಲ. ಉಚ್ಚಂಗಪ್ಪ ಸ್ಟೋವಿನ ಮೇಲೆ ಸೂಜಿಗಳನ್ನು ಕುದಿಸುತ್ತ ಕೂತಿದ್ದ.

"ಏನದು? ಕೊಡಿಲ್ಲಿ."

ಉಚ್ಚಂಗಪ್ಪನ ಇಂಗ್ಲಿಷು ಬಾಟಲಿಗಳ ಮೇಲಿನ ಚೀಟಿ ಓದುವಷ್ಟಿತ್ತು. ದಪ್ಪ ಅಕ್ಷರ ಓದುತ್ತಿದ್ದ, ಸಣ್ಣ ಅಕ್ಷರ ಬಿಡುತ್ತಿದ್ದ. ಅವನು ಕಾಗದದ ತಲೆ ಓದಿದ. ಓದಿದವನೇ ಕುರ್ಚಿ ಸಮೇತ ಹಿಂದಕ್ಕೆ ಹಾರಿದ.

"ಅಯ್ಯಯ್ಯಪ್ಪಾ! ಮಂಗನ ಕಾಯ್ಲೆ! ದೂರ ನಿಲ್ಲೋ! ಅಲ್ಲೇ ನಿಲ್ಲು!"

"ಅಲ್ರೀ ಕಂಪೌಂಡ್ರೇ, ಅದು ಕೈದು. ಕೆಳಗೆ ಓದ್ರೀ. ಚಿತ್ರ ಐತಿ ನೋಡ್ರೀ."

"ಮಂಗನ ಕೈ ಚಿತ್ರ ನಾ ಯಾಕೆ ನೋಡ್ಲಿ?" ಎಂದವನೇ ಉಚ್ಚಂಗಪ್ಪ ಸೂಜಿ ಎತ್ತುವ ಚಿಮಟದಿಂದ ಕಾಗದವನ್ನು ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಸ್ಟೋವಿನ ಉರಿಗೆ ಒಡ್ಡಿದ.

ಒಂದೂವರೆ ಪುಟದ ಸತ್ಯ ಉರಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಾಬರು ಎರಡು ಹೆಜ್ಜೆ ಮುಂದೆ ಬಂದು ಎಡಗೈ ಚಾಚಿದರು. ಸುಡುವ ಕಾಗದದ ಮೂಲೆ ಅವರ ಬೆರಳಿಗೆ ಸಿಕ್ಕಿತು ಕೂಡ. ಬೆರಳು ಮುಚ್ಚಲಿಲ್ಲ. ಸುಟ್ಟದ್ದೂ ಗೊತ್ತಾಗಲಿಲ್ಲ. ಬೊಬ್ಬೆ ಎದ್ದದ್ದನ್ನು ಸಂಜೆ ಚಾಂದ್ ಬೀ ತೋರಿಸಿದ ಮೇಲೆ ನೋಡಿದರು.

ಸುದ್ದಿಗೆ ಬಸ್ಸಿನ ಟಿಕೀಟು ಬೇಕಾಗಿರಲಿಲ್ಲ. ಮೂರು ದಿನದೊಳಗೆ ಶಿಕಾರಿಪುರದಲ್ಲಿ ಮಂಗನ ಕಾಯಿಲೆ ತಂದ ಕೀರ್ತಿ ಗುಲಾಬ್ ಸಾಬರದಾಯಿತು. ಅವರು ಹಿಂಜಿದ ಹಾಸಿಗೆಯಲ್ಲಿ ಮಲಗಿದವರು ಎದ್ದು ಚಾಪೆಗೆ ಹೋದರು. ಆಸ್ಪತ್ರೆಯ ಬಾಗಿಲಲ್ಲಿ ಉಚ್ಚಂಗಪ್ಪ ಕೈ ಅಡ್ಡ ಹಿಡಿದ. "ನನಗೆ ಜ್ವರಾನೇ ಇಲ್ರೀ," ಎಂದರೆ, "ಬರೋ ತನಕ ಯಾರಿಗೂ ಇರಲ್ಲ," ಎಂದ. ಮಾನ ಬಿಟ್ಟು ಮತ್ತೆ ದಬ್ಬೆ ಕಟ್ಟಿಸಿಕೊಳ್ಳಲು ಹೋದರೆ ದೊಡ್ಡಬೀರಪ್ಪ ಬೇಲಿಯ ಆಚೆಯಿಂದಲೇ ಕೂಗಿದ: "ಸಾಬಣ್ಣ, ಬೇಜಾರಾಗಬ್ಯಾಡ. ನನಗೆ ಮುನ್ನೂರು ಕುರಿ ಅದಾವು." ಹುಸೇನ್ ಮಳೆಗಾಲದ ಶುರುವಿಗೆ ಡೇರೆಗಳನ್ನು ಹುಡುಕಿಕೊಂಡು ಹೋದ. ಗೂಟ ಕಿತ್ತ ಗುಳಿಗಳಲ್ಲಿ ನೀರು ನಿಂತಿತ್ತು. ಮಂಗಗಳ ಡಾಕ್ಟರು ಯಾವ ಊರಿಗೆ ಹೋದರೆಂದು ಲೋಕಪ್ಪನಿಗೂ ಗೊತ್ತಿರಲಿಲ್ಲ. ಅವರ ಹೆಸರನ್ನು ಇವರು ಕೇಳಿರಲೂ ಇಲ್ಲ.

ಚಾಂದ್ ಬೀ ತಾನೇ ಬಿದಿರು ಸೀಳಿ, ಗಾದಿಯ ಬಟ್ಟೆಯಲ್ಲಿ ಸುತ್ತಿ ಕಟ್ಟಿದಳು. ಅದೇನೋ ಸರಿಯೇ. ಆದರೆ ದಬ್ಬೆ ಕಟ್ಟಿದ ಕೈ ಬಿಲ್ಲು ಹಿಡಿಯಲಾರದು, ಬಿಲ್ಲು ಹಿಡಿಯದೆ ಒಲೆ ಉರಿಯದು. ಸುದ್ದಿ ಮುಟ್ಟದ ಹಳ್ಳಿಗಳನ್ನು ಹುಡುಕಿಕೊಂಡು, ಕುಬಟೂರಿನ ಆಚೆಯವರೆಗೂ ಇಬ್ಬರೂ ನಡೆದರು. ಊರು ಬಂದೊಡನೆ ದಬ್ಬೆ ಬಿಚ್ಚುವುದು, ಊರು ದಾಟಿದೊಡನೆ ಕಟ್ಟುವುದು. ಎರಡರಲ್ಲಿ ಬಿಚ್ಚಿದ್ದೇ ಹೆಚ್ಚು.

ಮುಂದಿನ ದೀಪಾವಳಿ ಬರುವಷ್ಟರಲ್ಲಿ ಸಾಬರು ಸಾಯದೆ ಉಳಿದು ಊರನ್ನು ನಿರಾಶೆಗೊಳಿಸಿದ್ದರು. ಜನರಿಗೆ ಚಾಪೆಯ ಮೇಲೆ ಮಲಗಿ ಮಲಗಿ ಸಾಕಾಗಿತ್ತು. ಕಡೆಗೆ ಶಾಂತವೀರಪ್ಪನವರ ಮನೆಯಿಂದಲೇ ಕರೆ ಬಂತು. ಮಗಳ ಮದುವೆ, ಏಳು ಗಾದಿ, ಹದಿನಾಲ್ಕು ದಿಂಬು.

ಅಂಗಳದಲ್ಲಿ ಹತ್ತಿ ಸುರಿದಿತ್ತು. ಶಾಂತವೀರಪ್ಪನವರ ಹೆಂಡತಿ ಜಗದಾಂಬ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಸಾಬರು ಎಡಗೈಗೆ ಬಿಲ್ಲನ್ನು ಬಟ್ಟೆಯಿಂದ ಬಿಗಿದು ಕಟ್ಟಿಕೊಂಡು ಎತ್ತಿದರು. ಕೊಡತಿ ಹೆದೆಗೆ ತಗುಲಿದ್ದೇ ತಡ, ಕಟ್ಟು ಜಾರಿ, ಬಿಲ್ಲು ಗಿರ್ರನೆ ತಿರುಗಿ ಹತ್ತಿಯೊಳಗೆ ಮುಖ ಅಡಿಯಾಗಿ ಬಿತ್ತು. ಎತ್ತಿದರು. ಮತ್ತೆ ಬಿತ್ತು. ಮೂರನೆಯ ಸಲ ಎತ್ತಲೂ ಆಗಲಿಲ್ಲ. ಕೈ ಅವರ ತೋಳಿನ ತುದಿಯಲ್ಲಿ ಯಾರದೋ ಕೈಯಂತೆ ಜೋತುಬಿದ್ದಿತ್ತು.

"ಏನ್ ಸಾಬ್ರೇ, ಬಿಲ್ಲಿಗೆ ವಯಸ್ಸಾತಾ?" ಎಂದರು ಜಗದಾಂಬ.

"ಇಲ್ರವ್ವಾ, ಹೆದೆ ಸಡಿಲಾಗೈತಿ," ಎಂದು ಸಾಬರು ಬಿಗಿಯಾಗಿಯೇ ಇದ್ದ ಹೆದೆಯನ್ನು ಸುಮ್ಮನೆ ಸವರುತ್ತ ಕೂತರು.

ಚಾಂದ್ ಬೀ ಗವಸಣಿ ಹೊಲಿಯುವುದನ್ನು ಬಿಟ್ಟು ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ಎದುರಿಗೆ ಬಂದು, ಬಿಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹತ್ತಿಯ ಮೇಲೆ ಅಡ್ಡ ಹಿಡಿದಳು. ಅವರ ಮನೆತನದಲ್ಲಿ ಹೆಂಗಸರು ಬಿಲ್ಲು ಮುಟ್ಟಿದ್ದಿಲ್ಲ.

"ಬಿಡು ಚಾಂದು."

"ಜನ ನೋಡ್ತಾರೆ. ಹೊಡೀರಿ."

ಸಾಬರು ಹೊಡೆದರು. 'ಟೊಂಯ್ಯ್' ಎಂದಿತು. ಹತ್ತಿ ಹಾರಿತು. ಅವಳು ಮೊದಲ ನಡುಕಕ್ಕೆ ಬೆಚ್ಚಿ, ಆಮೇಲೆ ಸಣ್ಣ ಹುಡುಗಿಯಂತೆ ನಕ್ಕಳು. ಬಲಗೈಗೆ ಗೊತ್ತಿದ್ದ ಕೆಲಸ. ಅದು ತಾನಾಗಿ ಓಡಿತು. ಮಧ್ಯಾಹ್ನದ ಹೊತ್ತಿಗೆ ಎರಡು ಗಾದಿಯ ಹತ್ತಿ ಮುಗಿದು, ಇಬ್ಬರ ಹುಬ್ಬೂ ಬೆಳ್ಳಗಾಗಿತ್ತು. ಆಗ ಚಾಂದ್ ಬೀ ಬಿಲ್ಲನ್ನು ಕೆಳಗಿಟ್ಟು, ಎಡಗೈಯನ್ನು ಗಾಳಿಯಲ್ಲಿ ಕೊಡವಿದಳು.

"ಏನಾತು?"

"ಏನಿಲ್ರೀ. ಬೆರಳು ಜುಮ್ ಅಂತಾವೆ. ಹೊಸದಲ್ವಾ."

"ಯಾವ ಬೆರಳು?"

ಅವಳು ಕೈಯನ್ನು ಬೆನ್ನ ಹಿಂದೆ ಸರಿಸಿದಳು. ಸಾಬರು ಅವಳ ಕೈಯನ್ನು ಎಳೆದುಕೊಂಡು ಹೆಬ್ಬೆರಳಿನ ಬುಡವನ್ನು ಒತ್ತಿ ನೋಡಿದರು. ಇನ್ನೂ ದುಂಡಗೆ ಇತ್ತು. ಯಾರಿಗೆ ತೋರಿಸುವುದು, ಯಾರ ಮುಂದೆ ಈ ಕೈ ಚಾಚುವುದು ಎಂದು ಅವರು ಅಂಗಳದ ಸುತ್ತ ಕಣ್ಣು ಹಾಯಿಸಿದರು.

"ಹೊತ್ತಾತು ಸಾಬ್ರೇ, ಇನ್ನೂ ಐದು ಗಾದಿ ಅದಾವು," ಎಂದರು ಜಗಲಿಯ ಮೇಲಿನಿಂದ ಜಗದಾಂಬ.

ಚಾಂದ್ ಬೀ ಕೈ ಬಿಡಿಸಿಕೊಂಡು ಬಿಲ್ಲೆತ್ತಿದಳು. ಗುಲಾಬ್ ಸಾಬರು ಕೊಡತಿ ತೆಗೆದುಕೊಂಡು, ಆದಷ್ಟು ಮೆಲ್ಲಗೆ ಹೊಡೆದರು. ಹತ್ತಿ ಮಿಸುಕಲಿಲ್ಲ. ಇನ್ನೊಮ್ಮೆ ಮೆಲ್ಲಗೆ ಹೊಡೆದರು.

"ಗಟ್ಟಿ ಹೊಡೀರಿ," ಎಂದಳು ಚಾಂದ್ ಬೀ. "ಹಿಂಗೆ ಹೊಡೆದ್ರೆ ನಾಳೆನೂ ಹಿಡೀಬೇಕಾಗ್ತತಿ."

ಸಾಬರು ಗಟ್ಟಿಯಾಗಿ ಹೊಡೆದರು.